ಮಾಡೆಲ್ ಕಾರಿನ ಬಣ್ಣ ಕೆಟ್ಟಾಗ: ತಪ್ಪು ಯಾವ ಪದರದಲ್ಲಿದೆ ಎಂದು ಹುಡುಕುವ ಬಗೆ

ಪ್ಲಾಸ್ಟಿಕ್ ಮಾಡೆಲ್ ಕಾರಿನ ಬಾಡಿಗೆ ಬಣ್ಣ ಹೊಡೆದ ಮೇಲೆ ಮಬ್ಬು, ಗುಳಿ, ಬಿರುಕು, ಕಲೆ ಏನೇ ಕಂಡರೂ ಮೊದಲ ಬೈಗುಳ ಬೀಳುವುದು ಬಣ್ಣದ ಡಬ್ಬಿಗೆ. ಕೋಲಾರದಲ್ಲಿ ಈ ಹವ್ಯಾಸ ಇರುವವರು ಕಡಿಮೆ. ಇರುವ ನಾವು ಒಬ್ಬರ ಬಾಡಿ ಇನ್ನೊಬ್ಬರಿಗೆ ತೋರಿಸಿಕೊಂಡೇ ಕೆಲಸ ಮಾಡುತ್ತೇವೆ, ಹಾಗಾಗಿ ಕೆಟ್ಟ ಬಣ್ಣವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಗುತ್ತಲೇ ಇರುತ್ತದೆ. ಹಾಗೆ ನೋಡಿದ್ದರಲ್ಲಿ ಬಣ್ಣವೇ ಕೆಟ್ಟಿದ್ದದ್ದು ತೀರ ಅಪರೂಪ. ದೋಷ ಕಾಣುವುದು ಮೇಲಿನ ಪದರದಲ್ಲಿ. ಹುಟ್ಟುವುದು ಅದರ ಕೆಳಗಿನ ಪದರದಲ್ಲಿ, ಇಲ್ಲವೇ ಆ ಹೊತ್ತಿನ ಗಾಳಿಯಲ್ಲಿ, ನಾವು ಬಳಸಿದ ನೀರಿನಲ್ಲಿ. ಮೇಲಿನದನ್ನಷ್ಟೇ ಉಜ್ಜಿ ಇನ್ನೊಂದು ಕೋಟ್ ಹೊಡೆದರೆ ಅದೇ ದೋಷ ಅದೇ ಜಾಗದಲ್ಲಿ ಮತ್ತೆ ಎದ್ದು ಬರುತ್ತದೆ.

ಇಲ್ಲಿ ಬರೆದಿರುವುದು ನಿಜವಾದ ಕಾರಿನ 1/24 ಮತ್ತು 1/25 ಅಳತೆಯ, ಬಿಡಿಭಾಗ ಜೋಡಿಸಿ ಮಾಡುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕಿಟ್‌ಗಳಿಗೆ ಅನ್ವಯಿಸುತ್ತದೆ. ಟಮಿಯಾ, ಹಸೆಗಾವಾ, ಅಓಶಿಮಾ, ರೆವೆಲ್, ಎಎಂಟಿ ಯಾವ ಕಂಪನಿಯದಾದರೂ ಸರಿ, ಪ್ಲಾಸ್ಟಿಕ್ಕಿನ ಗುಣ ಹೆಚ್ಚುಕಡಿಮೆ ಒಂದೇ. ಪದರಗಳೂ ಅವೇ: ಕೆಳಗೆ ಪ್ಲಾಸ್ಟಿಕ್, ಅದರ ಮೇಲೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ), ಬಣ್ಣ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಫಿಲ್ಮಿನ ಚಿತ್ರ, ನಂಬರು), ಕೊನೆಗೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ).

ಮುಟ್ಟುವ ಮೊದಲು ನೋಡುವುದು

ಬಾಡಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ರೂಫಿನಲ್ಲಿ ಬೀಳುವ ಟ್ಯೂಬಿನ ಪ್ರತಿಬಿಂಬ ನೋಡಿ. ಎಲ್‌ಇಡಿ ಬಲ್ಬಿಗಿಂತ ಉದ್ದನೆಯ ಟ್ಯೂಬ್ ಒಳ್ಳೆಯದು, ಏಕೆಂದರೆ ನಮಗೆ ಬೇಕಾದದ್ದು ಆ ನೇರ ಅಂಚು. ಪ್ರತಿಬಿಂಬದ ಅಂಚು ನೇರವಾಗಿದ್ದೂ ಒಳಗೆ ಹಾಲು ಬೆರೆತಂತಿದ್ದರೆ ಮೇಲ್ಮೈ ನಯವಾಗಿದೆ, ತೊಂದರೆ ಪದರದ ಒಳಗಿದೆ. ಅಂಚು ನಡುಗಿದಂತೆ ಅಲೆಅಲೆಯಾಗಿದ್ದರೆ ಬಣ್ಣ ಹರಡಿಕೊಳ್ಳುವ ಮೊದಲೇ ಒಣಗಿದೆ. ಪ್ರತಿಬಿಂಬವೇ ಇಲ್ಲದೆ ಒರಟಾಗಿದ್ದರೆ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಂದು ಕೂತಿದೆ. ಅರ್ಧ ನಿಮಿಷದ ಈ ನೋಟ ಅರ್ಧ ಉತ್ತರ ಕೊಡುತ್ತದೆ.

ಆಮೇಲೆ ಎರಡು ಪ್ರಶ್ನೆ. ದೋಷ ಯಾವಾಗ ಕಾಣಿಸಿತು? ಹೊಡೆಯುತ್ತಿದ್ದ ಹಾಗೇ ಬಣ್ಣ ಹಿಂದೆ ಸರಿದು ಗುಳಿ ಬಿದ್ದರೆ ಎಣ್ಣೆ, ಗ್ರೀಸು. ಕೆಲವು ನಿಮಿಷದಲ್ಲಿ ಬಿಳಿಚಿಕೊಂಡರೆ ಗಾಳಿಯ ತೇವ. ಎರಡನೇ ಕೋಟ್ ಬಿದ್ದ ತಕ್ಷಣ ಸುಕ್ಕುಗಟ್ಟಿದರೆ ಕೆಳಗಿನ ಬಣ್ಣದ ಜಾತಿ ಬೇರೆ, ಅಥವಾ ಅದು ಪೂರ್ತಿ ಒಣಗಿಲ್ಲ. ವಾರ ಕಳೆದ ಮೇಲೆ ಬಿಳಿ ಬಣ್ಣ ನಸುಗೆಂಪಾದರೆ ಪ್ಲಾಸ್ಟಿಕ್ಕಿನ ಬಣ್ಣ ಮೇಲೇರುತ್ತಿದೆ. ಇನ್ನೊಂದು ಪ್ರಶ್ನೆ, ಎಲ್ಲಿ ಕಾಣಿಸಿತು? ಮೇಲ್ಮುಖವಾದ ಬಾನೆಟ್, ರೂಫ್, ಡಿಕ್ಕಿಯಲ್ಲಿ ಮಾತ್ರ ಇದ್ದರೆ ಧೂಳು ಅಥವಾ ಒಣ ಪುಡಿ. ಬಾಗಿಲಿನ ಕೆಳಗಿನ ಅಂಚಿನಲ್ಲಿದ್ದರೆ ಬಣ್ಣ ಇಳಿದಿದೆ. ಬಾಡಿ ಹಿಡಿದುಕೊಳ್ಳುವ ಕಡೆಗಳಲ್ಲೇ, ಅಂದರೆ ಎರಡೂ ಕಡೆಯ ಕಿಟಕಿ ಕಂಬದ ಸುತ್ತ ಇದ್ದರೆ ಬೆರಳಿನ ಜಿಡ್ಡು. ಡೆಕಾಲ್ ಸುತ್ತ ಇದ್ದರೆ ನೀರು.

ಈ ಎರಡಕ್ಕೆ ಉತ್ತರ ಸಿಗುವವರೆಗೆ, ನೀರಿನಲ್ಲಿ ಅದ್ದಿ ಉಜ್ಜುವ ವಾಟರ್ ಪೇಪರ್ ಕೈಗೆ ತೆಗೆದುಕೊಳ್ಳಬೇಡಿ. ಉಜ್ಜಿಬಿಟ್ಟರೆ ಸಾಕ್ಷಿ ಹೋಯಿತು.

ಪರೀಕ್ಷೆಗೆ ಒಂದು ತುಂಡು

ಯಾವ ಅನುಮಾನ ಬಂದರೂ ಬಾಡಿಯ ಮೇಲೆ ಪ್ರಯೋಗ ಮಾಡದೆ ಬೇರೆ ತುಂಡಿನ ಮೇಲೆ ಮಾಡಬೇಕು. ಹಿಂದೆ ಎಲ್ಲರೂ ಪ್ಲಾಸ್ಟಿಕ್ ಚಮಚ ಬಳಸುತ್ತಿದ್ದರು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚಕ್ಕೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಅಂಗಡಿಯಲ್ಲಿ ಈಗ ಸಿಗುವುದು ಮರದ ಚಮಚ, ಅದು ನಮಗೆ ಪ್ರಯೋಜನವಿಲ್ಲ. ಅದಕ್ಕಿಂತ ಒಳ್ಳೆಯದು ಮನೆಯ ಅಟ್ಟದ ಮೇಲೆ ಬಿದ್ದಿರುವ ಹಳೆಯ ಸಿಡಿ ಡಬ್ಬಿ. ಅದೂ ಪಾಲಿಸ್ಟೈರೀನೇ, ಜೊತೆಗೆ ಪಾರದರ್ಶಕ. ಒಂದು ಬದಿಗೆ ಬಣ್ಣ ಹೊಡೆದು, ಒಣಗಿದ ಮೇಲೆ ತಿರುಗಿಸಿ ಹಿಂಬದಿಯಿಂದ ಬೆಳಕಿಗೆ ಹಿಡಿದರೆ ಥಿನ್ನರ್ (ಬಣ್ಣ ತೆಳುವಾಗಿಸಲು ಬೆರೆಸುವ ದ್ರವ) ಪ್ಲಾಸ್ಟಿಕ್ಕನ್ನು ತಿಂದಿದೆಯೋ ಇಲ್ಲವೋ ನೇರವಾಗಿ ಕಾಣುತ್ತದೆ. ಬಾಡಿಯಲ್ಲಿ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುವ ಕೂದಲೆಳೆ ಬಿರುಕು ಇಲ್ಲಿ ಮುಚ್ಚಿಹೋಗುವುದಿಲ್ಲ. ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಚೌಕಟ್ಟನ್ನೂ ಎಸೆಯಬೇಡಿ. ಅದು ನಿಮ್ಮ ಬಾಡಿಯದೇ ಪ್ಲಾಸ್ಟಿಕ್.

ಬಿಳಿ ಉಂಗುರ, ಬಿಳಿ ಚುಕ್ಕೆ: ನಮ್ಮ ಬೋರ್‌ವೆಲ್ ನೀರು

ಈ ದೋಷದ ಬಗ್ಗೆ ಹೆಚ್ಚು ಹೇಳಬೇಕು. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ನಮ್ಮಲ್ಲಿ ಮಾತ್ರ ಮೇಲಿಂದ ಮೇಲೆ ಕಾಣುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಬೋರ್‌ವೆಲ್ಲಿನಿಂದ ಬರುವ ನೀರು ಗಡಸು. ಸ್ನಾನದ ಬಕೆಟ್ಟಿಗೆ, ನಲ್ಲಿಯ ಬಾಯಿಗೆ ಉಪ್ಪು ಕಟ್ಟುವುದನ್ನು ದಿನಾ ನೋಡುತ್ತೇವೆ. ಆ ನೀರಿನಲ್ಲಿ ಬಾಡಿ ತೊಳೆದು ಹಾಗೇ ಒಣಗಲು ಬಿಟ್ಟರೆ ಪ್ರತಿ ಹನಿ ಆರುವಾಗಲೂ ತನ್ನ ಅಂಚಿನಲ್ಲಿ ಸುಣ್ಣದ ಉಂಗುರ ಬಿಟ್ಟುಹೋಗುತ್ತದೆ. ಪ್ರೈಮರಿಗೆ ಮೊದಲಾದರೆ ಅದರ ಮೇಲೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಡೆಕಾಲ್ ಹಚ್ಚುವಾಗ ಆದರೆ ಸುಣ್ಣ ಫಿಲ್ಮಿನ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಬಂಗಾರಪೇಟೆ ಕಡೆಯ ಕಾಲೇಜು ಹುಡುಗನೊಬ್ಬ ಕಡುನೀಲಿ ಬಣ್ಣದ ರ‍್ಯಾಲಿ ಕಾರಿನ ಬಾಡಿ ತಂದಿದ್ದ. ಬಾಗಿಲಿನ ದೊಡ್ಡ ನಂಬರ್ ಡೆಕಾಲಿನ ಸುತ್ತ ಬೂದು ಬಿಳಿಯ ಗೆರೆ, ಬಾನೆಟ್ಟಿನ ಮೇಲೆ ಚದುರಿದ ಚುಕ್ಕೆ.

“ಅಣ್ಣಾ, ಕ್ಲಿಯರ್ ಡೂಪ್ಲಿಕೇಟ್ ಇರ್ಬೇಕು, ಬೆಳ್ಳಗೆ ಆಗೋಗೈತೆ.”

“ಕ್ಲಿಯರ್ ಎಲ್ಲಾ ಕಡೆ ಹೊಡ್ದಿದೀಯ ತಾನೇ? ರೂಫಲ್ಲಿ ಯಾಕಿಲ್ಲ ಮತ್ತೆ?”

ರೂಫಿನಲ್ಲಿ ಡೆಕಾಲ್ ಇರಲಿಲ್ಲ. ಕ್ಲಿಯರ್ ಬಿಳಿಚಿದ್ದರೆ ರೂಫೂ ಬಿಳಿಚಬೇಕಿತ್ತು. ಕೇಳಿದರೆ, ಕ್ಲಿಯರ್ ಹೊಡೆದದ್ದು ಮೊದಲು, ಡೆಕಾಲ್ ಹಚ್ಚಿದ್ದು ಆಮೇಲೆ, ಅದರ ಮೇಲೆ ಇನ್ನೂ ಏನೂ ಹೊಡೆದಿಲ್ಲ ಎಂದ. ಅಂದರೆ ಬಿಳಿ ಇರುವುದು ಕ್ಲಿಯರಿನ ಮೇಲೆಯೇ, ಕೈಗೆ ಸಿಗುವ ಜಾಗದಲ್ಲಿ. ಅಡುಗೆಗೆ ಬಳಸುವ ವಿನೆಗರಿಗೆ ಅಷ್ಟೇ ಆರ್‌ಓ ನೀರು ಬೆರೆಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಬಾನೆಟ್ಟಿನ ಒಂದು ಚುಕ್ಕೆಯ ಮೇಲೆ ಒತ್ತದೆ ಇಟ್ಟೆವು. ನೋಡನೋಡುತ್ತಿದ್ದಂತೆ ಉಂಗುರದ ಅಂಚು ಕರಗಿ ನೀಲಿ ಮೇಲೆದ್ದಿತು. ಆರ್‌ಓ ನೀರಿನಲ್ಲಿ ಅದ್ದಿದ ಇನ್ನೊಂದು ಕಡ್ಡಿಯಿಂದ ಒರೆಸಿದಾಗ ಚುಕ್ಕೆ ಇದ್ದ ಜಾಗವೇ ತಿಳಿಯಲಿಲ್ಲ.

ಪರೀಕ್ಷೆ ಇಷ್ಟೇ. ವಿನೆಗರಿಗೆ ಕರಗಿದರೆ ಸುಣ್ಣ, ಕರಗದಿದ್ದರೆ ಬೇರೆ ಕಾರಣ ಹುಡುಕಬೇಕು. ಡೆಕಾಲಿನ ಫಿಲ್ಮಿನ ಹೊರಗಿನದು ಹೀಗೆ ಹೋಗುತ್ತದೆ. ಒಳಗೆ ಸಿಕ್ಕಿಕೊಂಡದ್ದು ಹೋಗುವುದಿಲ್ಲ; ಆ ಡೆಕಾಲ್ ತೆಗೆದು ಹೊಸದು ಹಚ್ಚಬೇಕಾಗುತ್ತದೆ. ಕ್ಲಿಯರ್ ಹೊಡೆದು ಮುಚ್ಚಿದ ಮೇಲೆ ಸುಣ್ಣ ಕಂಡರೆ ಕ್ಲಿಯರ್ ಉಜ್ಜಿ ತೆಗೆಯದೆ ದಾರಿಯಿಲ್ಲ. ಅದಕ್ಕೇ ಡೆಕಾಲ್ ಒಣಗಿದ ಮೇಲೆ, ಕ್ಲಿಯರಿಗೆ ಮೊದಲು, ಇಡೀ ಬಾಡಿಯನ್ನು ಆರ್‌ಓ ನೀರಿನ ಹತ್ತಿಯಿಂದ ಒಮ್ಮೆ ಒರೆಸಬೇಕು.

ಇದೇ ಜಾಗದಲ್ಲಿ ಬರುವ ಇನ್ನೊಂದು ದೋಷವನ್ನು ಇದರೊಂದಿಗೆ ಕಲಸಿಕೊಳ್ಳಬಾರದು. ಡೆಕಾಲಿನ ಪಾರದರ್ಶಕ ಭಾಗ ಬೆಳ್ಳಿಯಂತೆ ಹೊಳೆದರೆ, ಬಾಡಿಯನ್ನು ಓರೆ ಮಾಡಿದಾಗ ಆ ಹೊಳಪು ಬಂದು ಹೋಗುತ್ತಿದ್ದರೆ, ಅಡಿಯಲ್ಲಿರುವುದು ಸುಣ್ಣವಲ್ಲ, ಗಾಳಿ. ಮ್ಯಾಟ್ ಅಥವಾ ಒರಟಾದ ಮೇಲ್ಮೈಗೆ ಡೆಕಾಲ್ ಹಚ್ಚಿದಾಗ ಹೀಗಾಗುತ್ತದೆ. ಸೂಜಿಯ ತುದಿಯಿಂದ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆತ್ತಗೆ ಮಾಡುವ ದ್ರವ (ಮೈಕ್ರೋ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್) ಒಂದು ಹನಿ ಬಿಟ್ಟು, ಫಿಲ್ಮ್ ಮೆತ್ತಗಾಗಿ ಕೂರುವವರೆಗೆ ಮುಟ್ಟದೆ ಬಿಡಿ. ಮುಂದಿನ ಸಲ ಮೊದಲು ಹೊಳಪಿನ (ಗ್ಲಾಸಿ) ಕೋಟ್, ಆಮೇಲೆ ಡೆಕಾಲ್.

ನೀರಿಗೆ ಖರ್ಚೇನೂ ಇಲ್ಲ. ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಮನೆಗೆ ತರುವ ಕ್ಯಾನಿನಿಂದಲೇ ಒಂದು ಲೋಟ ತೆಗೆದಿಟ್ಟುಕೊಳ್ಳಿ. ಬಾಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೋರ್ ನೀರಿನಲ್ಲೇ ತೊಳೆಯಬಹುದು, ಕೊನೆಯ ಜಾಲಾಡು ಮಾತ್ರ ಆರ್‌ಓ ನೀರಿನಲ್ಲಿ. ವಾಟರ್ ಪೇಪರ್ ಅದ್ದುವ ಬಟ್ಟಲಿಗೂ ಅದೇ ನೀರು.

ಹಾಲಿನಂಥ ಮಬ್ಬು

ಹೊಳೆಯುವ ಕಪ್ಪು ಹೊಡೆದು ಹತ್ತು ನಿಮಿಷದಲ್ಲಿ ಅದು ಬೂದಿ ಬಳಿದಂತಾದರೆ, ಮೇಲ್ಮೈ ಮಾತ್ರ ನಯವಾಗೇ ಇದ್ದರೆ, ಕಾರಣ ಗಾಳಿಯ ತೇವ. ಲ್ಯಾಕರ್ ಎಂಬ ಬೇಗ ಒಣಗುವ ಬಣ್ಣದ ದ್ರಾವಕ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಆ ತಂಪಿಗೆ ಗಾಳಿಯ ನೀರಾವಿ ಹನಿಗಟ್ಟಿ, ಇನ್ನೂ ಹಸಿಯಿರುವ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಸ್ಪ್ರೇ ಕ್ಯಾನಿನಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಒಳಗಿನ ಗ್ಯಾಸ್ ಹೊರಬರುವಾಗ ತಾನೂ ತಣ್ಣಗಾಗಿ ಬರುತ್ತದೆ.

ಕೋಲಾರದಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರಾ ರಜೆಯಲ್ಲಿ ಬಿಡುವು ಸಿಕ್ಕಿತೆಂದು ಕ್ಯಾನ್ ಹಿಡಿದವರ ಬಾಡಿಗಳೇ ಹೆಚ್ಚು ಬಿಳಿಚುವುದು. ಇನ್ನೊಂದು ಕಾಲ ಧನುರ್ಮಾಸ: ಅಂತರಗಂಗೆ ಬೆಟ್ಟ ಮಂಜಿನಲ್ಲಿ ಮುಚ್ಚಿರುವ ಬೆಳಗಿನ ಹೊತ್ತು ಲ್ಯಾಕರ್ ಮುಟ್ಟಲೇಬಾರದು, ಹನ್ನೊಂದರ ಮೇಲೆ ಬಿಸಿಲೇರಿದಾಗ ತೊಂದರೆಯಿಲ್ಲ. ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಒಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಅದು 65 ಶೇಕಡಾ ದಾಟಿದರೆ ನಾನು ಲ್ಯಾಕರ್ ಮುಚ್ಚಿಟ್ಟು ಇಂಜಿನ್, ಸೀಟು, ಡ್ಯಾಶ್‌ಬೋರ್ಡಿನ ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಕುಂಚದ ಕೆಲಸಕ್ಕೆ ಕೂರುತ್ತೇನೆ.

ಈಗಾಗಲೇ ಬಿಳಿಚಿದ್ದರೆ ಗಾಬರಿ ಬೇಡ, ಉಜ್ಜುವುದೂ ಬೇಡ. ಒಣ ದಿನ ನೋಡಿ, ನಿಧಾನವಾಗಿ ಆರುವ ಥಿನ್ನರನ್ನು (ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಇದಕ್ಕೆ ಹೇಳಿ ಮಾಡಿಸಿದ್ದು) ಏರ್‌ಬ್ರಷ್ಷಿನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ತೀರ ತೆಳುವಾಗಿ ಹಾಯಿಸಿ. ಮೇಲ್ಪದರ ಒಂದಿಷ್ಟು ಕರಗಿ, ಸಿಕ್ಕಿಕೊಂಡ ನೀರು ಹೊರಹೋಗಿ, ಹೊಳಪು ಮರಳುತ್ತದೆ. ಒಂದು ಸಲಕ್ಕೆ ಪೂರ್ತಿ ಬರದಿದ್ದರೆ ಆರಲು ಬಿಟ್ಟು ಮತ್ತೊಮ್ಮೆ. ಒಟ್ಟಿಗೆ ಸುರಿದರೆ ಬಣ್ಣ ಇಳಿಯುತ್ತದೆ. ಏರ್‌ಬ್ರಷ್ ಇಲ್ಲದವರು ಒಣ ದಿನದಲ್ಲಿ ಅದೇ ಕ್ಯಾನಿನಿಂದ ಇನ್ನೊಂದು ತೆಳು ಕೋಟ್ ಕೊಟ್ಟರೂ ಬಹುಪಾಲು ಸರಿಹೋಗುತ್ತದೆ. ಕ್ಯಾನನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಇಡಿ. ನೀರು 40 ಡಿಗ್ರಿ ಮೀರಬಾರದು, ಒಲೆಯ ಹತ್ತಿರವಂತೂ ಒಯ್ಯಲೇಬಾರದು.

ಬಿರುಕೋ, ಸುಕ್ಕೋ?

ಎರಡನ್ನೂ ಜನ “ಕ್ರ್ಯಾಕ್ ಬಂತು” ಎಂದೇ ಹೇಳುತ್ತಾರೆ. ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ.

ಸುಕ್ಕು ಎಂದರೆ ಕಾದ ಹಾಲಿನ ಕೆನೆ ಮಡಿಚಿಕೊಂಡ ಹಾಗೆ ಬಣ್ಣದ ಪೊರೆ ಎದ್ದಿರುತ್ತದೆ, ಉಗುರು ತಾಕಿದರೆ ಜರುಗುತ್ತದೆ. ನಿಧಾನವಾಗಿ ಒಣಗುವ ಎಣ್ಣೆ ಬಣ್ಣವಾದ ಎನಾಮಲಿನ ಮೇಲೆ ಲ್ಯಾಕರ್ ಹೊಡೆದರೆ ಹೀಗಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಎನಾಮಲ್ ಮುಟ್ಟಲು ಒಣಗಿದಂತಿದ್ದರೂ ಒಳಗೆ ವಾರಗಟ್ಟಲೆ ಮೆತ್ತಗೇ ಇರುತ್ತದೆ. ಲ್ಯಾಕರಿನ ದ್ರಾವಕ ಅದರೊಳಗೆ ಇಳಿದು ಉಬ್ಬಿಸುತ್ತದೆ. ಕೆಳಗೆ ಲ್ಯಾಕರ್, ಮೇಲೆ ಎನಾಮಲ್ ಅಥವಾ ಅಕ್ರಿಲಿಕ್ ಆದರೆ ಸರಿ. ಇದನ್ನು ತಿರುಗಿಸಬಾರದು. ಬಾಡಿ ಒಣಗಿದೆಯೇ ಎಂದು ತಿಳಿಯಲು ಮೂಗಿನ ಹತ್ತಿರ ಹಿಡಿದು ನೋಡಿ. ಇನ್ನೂ ಥಿನ್ನರ್, ಟರ್ಪೆಂಟೈನ್ ವಾಸನೆ ಬರುತ್ತಿದ್ದರೆ ಒಣಗಿಲ್ಲ.

ಬಿರುಕಿನ ರೂಪ ಬೇರೆ. ಜೇಡರ ಬಲೆಯಷ್ಟು ಸಣ್ಣ ಗೆರೆಗಳು, ಬಾಗಿಲಿನ ಗೆರೆ, ಚಕ್ರದ ಕಮಾನು, ಬಂಪರಿನ ಮೂಲೆ ಇಂಥ ಕಡೆ ಮೊದಲು ಕಾಣುತ್ತವೆ. ಬಣ್ಣ ಜರುಗುವುದಿಲ್ಲ, ಗಟ್ಟಿಯಾಗೇ ಇರುತ್ತದೆ. ಇಲ್ಲಿ ಒಡೆದಿರುವುದು ಪ್ಲಾಸ್ಟಿಕ್ಕೇ. ಖಚಿತಪಡಿಸಿಕೊಳ್ಳಲು ಬಾಡಿಯ ಒಂದು ಮೂಲೆಯ ಬಣ್ಣ ತೆಗೆದು ಬರಿಯ ಪ್ಲಾಸ್ಟಿಕ್ಕನ್ನು ಭೂತಗನ್ನಡಿಯಲ್ಲಿ ನೋಡಿ. ಗೆರೆಗಳು ಅಲ್ಲೂ ಉಳಿದಿದ್ದರೆ ಥಿನ್ನರ್ ತಿಂದಿದೆ.

ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ನಿಜವಾದ ಕಾರಿನ ಬಣ್ಣಕ್ಕೆ ಬೆರೆಸುವ ಎನ್‌ಸಿ ಥಿನ್ನರ್. ಮಾಡೆಲಿಗೆಂದೇ ಮಾಡಿದ ಸ್ಪ್ರೇ ಕ್ಯಾನ್ ಹೊರದೇಶದಿಂದ ವಿಮಾನದಲ್ಲಿ ತರಿಸುವುದು ಕಷ್ಟ. ಒತ್ತಡ ತುಂಬಿದ, ಬೆಂಕಿ ಹತ್ತುವ ಸರಕು ಅದು. ಹಾಗಾಗಿ ಟಿಂಕರಿಂಗ್ ಶೆಡ್ಡಿಗೆ ಬಣ್ಣ ಕೊಡುವ ಅಂಗಡಿಯಲ್ಲೇ ನಿಜವಾದ ಕಾರಿನ ಬಣ್ಣವನ್ನು ಕೋಡ್ ಹೇಳಿ ಕಲಸಿಸಿಕೊಂಡು ಬರುವವರು ಹಲವರು. ಅದು ತಪ್ಪೇನೂ ಅಲ್ಲ, ಬಣ್ಣ ಚೆನ್ನಾಗಿಯೇ ಇರುತ್ತದೆ. ಆದರೆ ಆ ಬಣ್ಣ ಲೋಹದ ತಗಡಿಗೆಂದು ಮಾಡಿದ್ದು. ಅದರ ಥಿನ್ನರಿನಲ್ಲಿರುವ ಟೊಲೀನ್, ಕೀಟೋನ್, ಅಸಿಟೇಟ್‌ಗಳು ತಗಡಿಗೆ ಏನೂ ಮಾಡುವುದಿಲ್ಲ, ಪಾಲಿಸ್ಟೈರೀನನ್ನು ಕರಗಿಸುತ್ತವೆ. ಬಳಸಲೇಬೇಕಿದ್ದರೆ ಮಾಡೆಲಿನ ಪ್ರೈಮರ್ (ಮಿಸ್ಟರ್ ಸರ್ಫೇಸರ್ 1000 ಅಥವಾ 1200) ಮೊದಲು ಸಮನಾಗಿ ಕೂರಿಸಿ, ಪೂರ್ತಿ ಒಣಗಿಸಿ, ಅದರ ಮೇಲೆ ಮಂಜು ಬಿದ್ದಷ್ಟೇ ತೆಳುವಾಗಿ ಒಂದೊಂದೇ ಕೋಟ್ ಕೊಡಬೇಕು. ಮೊದಲ ಎರಡು ಕೋಟಿನಲ್ಲಿ ಕೆಳಗಿನ ಪ್ರೈಮರ್ ಕಾಣುತ್ತಲೇ ಇರಬೇಕು. ಮೊದಲ ಸಲವೇ ಮುಚ್ಚಿಬಿಡುವ ಆತುರದಲ್ಲಿ ಸುರಿದ ಹಸಿ ಕೋಟೇ ಪ್ರೈಮರನ್ನೂ ದಾಟಿ ಪ್ಲಾಸ್ಟಿಕ್ಕಿಗೆ ತಲುಪುವುದು. ಸಿಡಿ ಡಬ್ಬಿಯ ಪರೀಕ್ಷೆ ಇಲ್ಲಿ ಕಡ್ಡಾಯ ಎಂದೇ ತಿಳಿಯಿರಿ. ನಿಜವಾದ ಕಾರಿನ ಮೆಟಾಲಿಕ್ ಬಣ್ಣದ ಕಣ 1/24ಕ್ಕೆ ದೊಡ್ಡದಾಗಿ ಕಾಣುತ್ತದೆ ಎಂಬುದೂ ನೆನಪಿರಲಿ. ಸಾದಾ ಬಿಳಿ, ಕೆಂಪು, ಹಳದಿಗೆ ಆ ತೊಂದರೆಯಿಲ್ಲ.

ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಹಾಕುವ ಪಿಯು, ಅಂದರೆ ಪಾಲಿಯುರೆಥೇನ್, ಕ್ಲಿಯರಿನ ಹೊಳಪು ನೋಡಿ ಅದನ್ನೂ ಮನೆಗೆ ತರುವವರಿದ್ದಾರೆ. ಹಾರ್ಡ್ನರಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಸಿರಾಟಕ್ಕೆ ನಿಜವಾದ ಅಪಾಯ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯೊಳಗೆ, ಮಕ್ಕಳು ಓಡಾಡುವ ಕಡೆ ಅದು ಬೇಡವೇ ಬೇಡ.

ಬಿರುಕು ಬಿಟ್ಟ ಪ್ಲಾಸ್ಟಿಕ್ಕಿಗೆ ಔಷಧ ಒಂದೇ: ಬಣ್ಣ ಪೂರ್ತಿ ತೆಗೆದು, 600ರ ವಾಟರ್ ಪೇಪರಿನಿಂದ ಗೆರೆ ಮಾಯವಾಗುವವರೆಗೆ ಉಜ್ಜಿ, ಆಳದ್ದಕ್ಕೆ ದಪ್ಪ ಸರ್ಫೇಸರ್ ಕುಂಚದಲ್ಲಿ ತುಂಬಿ, ಒಣಗಿದ ಮೇಲೆ ಮತ್ತೆ ಉಜ್ಜುವುದು. ಬಾಗಿಲು, ಬಾನೆಟ್ಟಿನ ಗೆರೆಗಳನ್ನು ಆಮೇಲೆ ಮತ್ತೆ ಕೆತ್ತಿಕೊಳ್ಳಬೇಕು.

ಮೀನುಕಣ್ಣು

ಬಣ್ಣ ದುಂಡಗೆ ಹಿಂದೆ ಸರಿದು ನಡುವೆ ಪ್ರೈಮರ್ ಕಾಣುವ ಗುಳಿಗಳಿವು. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ, ಅಡುಗೆಮನೆಯ ಪಕ್ಕ ಬಾಡಿ ಒಣಗಿಸಿದಾಗ ಒಗ್ಗರಣೆಯ ಹೊಗೆ, ಎಲ್ಲವೂ ಕಾರಣವಾಗಬಲ್ಲವು. ಎಲ್ಲಕ್ಕಿಂತ ಹಟಮಾರಿ ಕಾರಿನ ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಪಾಲಿಶ್. ಅದನ್ನು ಅದೇ ಕೋಣೆಯಲ್ಲಿ ಹೊಡೆದರೂ ಸಾಕು, ಕಣ್ಣಿಗೆ ಕಾಣದೆ ಬಾಡಿಯ ಮೇಲೆ ಕೂರುತ್ತದೆ. ಗುಳಿಗಳು ಎಲ್ಲೆಂದರಲ್ಲಿ ಚದುರಿದ್ದು, ನಡುವೆ ನೀರಿನ ಸಣ್ಣ ಹನಿಯೂ ಸಿಡಿದಿದ್ದರೆ ಏರ್‌ಬ್ರಷ್ಷಿಗೆ ಗಾಳಿ ಕೊಡುವ ಕಂಪ್ರೆಸರಿನ ಕಡೆ ನೋಡಿ. ನೀರು ತಡೆಯುವ ಟ್ರ್ಯಾಪ್ ತುಂಬಿರುತ್ತದೆ. ಹಸಿಯಿರುವಾಗ ತಿದ್ದಲು ಹೋಗಬೇಡಿ. ಒಣಗಿದ ಮೇಲೆ 1000ರ ವಾಟರ್ ಪೇಪರಿನಲ್ಲಿ ಸಮ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಕೈಗವಸು ಹಾಕಿ ಮತ್ತೆ ಹೊಡೆಯಿರಿ. ಬಾಡಿಯ ಬಣ್ಣ ಅಕ್ರಿಲಿಕ್ ಆಗಿದ್ದರೆ ಆಲ್ಕೊಹಾಲ್ ಅದನ್ನೇ ಕರಗಿಸುತ್ತದೆ; ಅದಕ್ಕೆ ಸೋಪು ನೀರೇ ಸಾಕು.

ಟೇಪಿನ ಜೊತೆ ಬಣ್ಣ ಎದ್ದು ಬಂದರೆ

ಎರಡು ಬಣ್ಣದ ಕಾರು ಮಾಡುವಾಗ ಮಾಸ್ಕಿಂಗ್ ಟೇಪ್ ಕಿತ್ತ ಕೂಡಲೇ ಹೊಟ್ಟೆ ಕಿವುಚುವ ದೋಷ ಇದು. ಟೇಪನ್ನು ಮುದುರಿ ಎಸೆಯುವ ಮೊದಲು ಅದರ ಅಂಟಿನ ಬದಿಯನ್ನು ನೋಡಿ, ಉತ್ತರ ಅಲ್ಲೇ ಅಂಟಿಕೊಂಡಿರುತ್ತದೆ. ಟೇಪಿನಲ್ಲಿ ಬಣ್ಣ ಮಾತ್ರ ಇದ್ದು ಬಾಡಿಯಲ್ಲಿ ಬೂದು ಪ್ರೈಮರ್ ಉಳಿದಿದ್ದರೆ ಬಣ್ಣ ಮತ್ತು ಪ್ರೈಮರಿನ ನಡುವೆ ಹಿಡಿತವಿಲ್ಲ: ಪ್ರೈಮರ್ ಮೇಲೆ ಧೂಳು ಕೂತಿತ್ತು, ಕೈ ತಾಕಿತ್ತು, ಇಲ್ಲವೇ ಬಣ್ಣ ಒಣ ಪುಡಿಯಾಗಿ ಬಿದ್ದಿತ್ತು. ಟೇಪಿನಲ್ಲಿ ಬಣ್ಣದ ಹಿಂದೆ ಬೂದು ಪದರವೂ ಬಂದು, ಬಾಡಿಯಲ್ಲಿ ಬರಿಯ ಪ್ಲಾಸ್ಟಿಕ್ ಹೊಳೆಯುತ್ತಿದ್ದರೆ ತಪ್ಪು ಇನ್ನೂ ಕೆಳಗಿದೆ. ಬಾಡಿ ತೊಳೆದಿಲ್ಲ, ಅಥವಾ ನುಣುಪಾದ ಪ್ಲಾಸ್ಟಿಕ್ಕನ್ನು ಪ್ರೈಮರಿಗೆ ಮೊದಲು ಸ್ವಲ್ಪವೂ ಒರಟು ಮಾಡಿಲ್ಲ. ಮೊದಲನೆಯದರಲ್ಲಿ ಆ ಭಾಗ ಮಾತ್ರ ತಿದ್ದಿದರೆ ಸಾಕು. ಎರಡನೆಯದರಲ್ಲಿ ಇಡೀ ಬಾಡಿಯ ಬಣ್ಣ ಯಾವತ್ತಾದರೂ ಏಳುವುದೇ. ಈಗಲೇ ತೆಗೆದು ಮತ್ತೆ ಮೊದಲಿನಿಂದ ಮಾಡುವುದು ವಾಸಿ.

ಟೇಪಿನ ಅಡಿಗೆ ಎರಡನೇ ಬಣ್ಣ ನುಸುಳಿ ಗೆರೆ ಹಲ್ಲುಹಲ್ಲಾಗಿದ್ದರೆ ಕಾರಣ ಸಾಮಾನ್ಯವಾಗಿ ಮೊದಲ ಕೋಟ್ ತೀರ ಹಸಿಯಾಗಿರುವುದು. ಟೇಪ್ ಹಚ್ಚಿದ ಮೇಲೆ ಅದರ ಅಂಚಿನ ಮೇಲೆ ಕೆಳಗಿರುವ ಬಣ್ಣವನ್ನೇ ಇನ್ನೊಮ್ಮೆ ತೆಳುವಾಗಿ ಹೊಡೆಯಿರಿ. ನುಸುಳುವುದಿದ್ದರೆ ಅದೇ ಬಣ್ಣ ನುಸುಳಿ ಸಂದು ಮುಚ್ಚುತ್ತದೆ, ಆಮೇಲಿನ ಬಣ್ಣಕ್ಕೆ ದಾರಿಯಿರುವುದಿಲ್ಲ.

ಕಿತ್ತಳೆ ಸಿಪ್ಪೆ, ಪುಡಿ, ಧೂಳು

ಇವು ಬೇಸಿಗೆ ಮತ್ತು ಗಾಳಿಯ ದೋಷಗಳು. ಏಪ್ರಿಲಿನಲ್ಲಿ 35 ಡಿಗ್ರಿಯ ಬಿಸಿಲಲ್ಲಿ ತಾರಸಿಯ ಮೇಲೆ ಹೊಡೆದರೆ ಬಣ್ಣ ಹರಡಿಕೊಳ್ಳುವ ಮೊದಲೇ ಗಟ್ಟಿಯಾಗಿ ಕಿತ್ತಳೆ ಸಿಪ್ಪೆಯ ಮೇಲ್ಮೈ ಬರುತ್ತದೆ. ಏರ್‌ಬ್ರಷ್ ಆದರೆ ಲ್ಯಾಕರಿಗೆ ಒಂದು ಪಾಲು ಬಣ್ಣಕ್ಕೆ ಒಂದೂವರೆಯಿಂದ ಎರಡು ಪಾಲು ನಿಧಾನ ಥಿನ್ನರ್, 0.3 ಮಿಲಿಮೀಟರ್ ನಾಜಲ್, ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ, ಬಾಡಿಯಿಂದ ಒಂದು ಗೇಣಿಗಿಂತ ಕಡಿಮೆ ದೂರ. ಕ್ಯಾನ್ ಆದರೆ 15ರಿಂದ 20 ಸೆಂಟಿಮೀಟರ್. ಆಗಿಹೋದದ್ದಕ್ಕೆ, ಪೂರ್ತಿ ಒಣಗಿದ ಮೇಲೆ 2000, 3000ರ ವಾಟರ್ ಪೇಪರ್, ನಂತರ ಪಾಲಿಶ್ ಮಾಡುವ ಕಾಂಪೌಂಡ್. ಬಾನೆಟ್ಟಿನ ಏಣು, ಚಕ್ರದ ಕಮಾನಿನ ತುದಿಗಳಲ್ಲಿ ಬಣ್ಣ ಅತಿ ತೆಳುವಾಗಿರುತ್ತದೆ. ಅಲ್ಲಿ ಪೇಪರ್ ಹಾಯಿಸಬೇಡಿ, ಬೇಕಾದರೆ ಟೇಪ್ ಹಚ್ಚಿ ಕಾಪಾಡಿಕೊಳ್ಳಿ.

ಆಷಾಢದ ಗಾಳಿಯಲ್ಲಿ ತಾರಸಿ ಬೇಡ. ಬಣ್ಣ ಅರ್ಧ ದಾರಿಯಲ್ಲಿ ಒಣಗಿ ಪುಡಿಯಾಗುತ್ತದೆ, ಕೆಂಪು ಮಣ್ಣಿನ ಧೂಳು ಹಸಿ ಬಣ್ಣದ ಮೇಲೆ ಬಂದು ಕೂರುತ್ತದೆ. ಕೋಣೆಯ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ ಹೊಡೆಯುವುದು ಆ ಒಣ ಗಾಳಿಯ ದಿನಗಳಿಗೆ ಸರಿ. ಅಕ್ಟೋಬರಿನಲ್ಲಿ ಅದನ್ನೇ ಮಾಡಿದರೆ ತೇವ ಹೆಚ್ಚಿ ಬಿಳಿಚುತ್ತದೆ. ಧೂಳಿಲ್ಲವೆಂದು ಬಚ್ಚಲುಮನೆಯಲ್ಲಿ ಹೊಡೆಯುವವರು ಒಂದು ಮಾತು ಕೇಳಿ: ಅಲ್ಲಿ ಗ್ಯಾಸ್ ಗೀಸರ್ ಇದ್ದರೆ ಖಂಡಿತ ಹೊಡೆಯಬೇಡಿ. ಕ್ಯಾನಿನ ಗ್ಯಾಸೂ ಥಿನ್ನರಿನ ಆವಿಯೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತವೆ, ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಬರುತ್ತದೆ.

ತಡವಾಗಿ ಕಾಣುವವು

ಕೆಂಪು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ ಕಿಟ್‌ಗಳಿವೆ, ಫೆರಾರಿಗಳಲ್ಲಿ ಹೆಚ್ಚು. ಅಂಥದಕ್ಕೆ ಬಿಳಿ ಅಥವಾ ಹಳದಿ ಹೊಡೆದರೆ ಮೊದಲ ದಿನ ಸರಿಯಾಗೇ ಇದ್ದು, ಬರಬರುತ್ತ ಪ್ಲಾಸ್ಟಿಕ್ಕಿನ ಕೆಂಪು ಮೇಲೇರುತ್ತದೆ. ಮೇಲೆ ಎಷ್ಟು ಬಿಳಿ ಹೊಡೆದರೂ ಅದನ್ನೂ ದಾಟಿ ಬರುತ್ತದೆ. ನಡುವೆ ಬೆಳ್ಳಿ ಬಣ್ಣದ ಒಂದು ಕೋಟ್ ಬೇಕು, ಅದರ ಮೇಲೆ ಬಿಳಿ ಪ್ರೈಮರ್. ಅನುಮಾನವಿದ್ದರೆ ಸ್ಪ್ರೂ ತುಂಡಿಗೆ ಬಿಳಿ ಹೊಡೆದು ವಾರ ಬಿಟ್ಟು ನೋಡಿ.

ಪಾಲಿಶ್ ಮಾಡಿ ಕನ್ನಡಿಯಂತಿದ್ದ ಬಾಡಿಯಲ್ಲಿ ತಿಂಗಳ ನಂತರ ಹಳೆಯ ಉಜ್ಜಿದ ಗೆರೆಗಳು ಮತ್ತೆ ಕಂಡರೆ ಪುಟ್ಟಿ, ಪ್ರೈಮರ್ ಒಣಗಿ ಮುಗಿಯುವ ಮೊದಲೇ ಮೇಲಿನ ಕೆಲಸ ನಡೆದಿದೆ ಎಂದರ್ಥ. ಅವು ಕುಗ್ಗಿದಂತೆ ಮೇಲಿನ ಬಣ್ಣವೂ ಗೆರೆಯೊಳಗೆ ಇಳಿಯುತ್ತದೆ.

ಕಿಟಕಿ ಗಾಜಿನ ಸುತ್ತ ಬೂದಿಯಂಥ ಬಿಳಿ ಬಂದರೆ ಅದು ಬಣ್ಣದ ದೋಷವೇ ಅಲ್ಲ. ಫೆವಿಕ್ವಿಕ್‌ನಂಥ ಸೈನೊಅಕ್ರಿಲೇಟ್ ಅಂಟಿನ ಆವಿ ಗಾಜಿನ ಮೇಲೆ ಕೂತಿರುತ್ತದೆ. ಕಾಂಪೌಂಡಿನಲ್ಲಿ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ. ಗಾಜಿಗೆ ಫೆವಿಕಾಲಿನಂಥ ಬಿಳಿ ಅಂಟು ಸಾಕು, ಒಣಗಿದರೆ ಕಾಣುವುದಿಲ್ಲ.

ತಿದ್ದುವುದೋ, ತೆಗೆಯುವುದೋ?

ದೋಷ ಕ್ಲಿಯರಿನಲ್ಲಿ ಅಥವಾ ಬಣ್ಣದ ಮೇಲ್ಮೈಯಲ್ಲಿದ್ದರೆ ತಿದ್ದಿ. ಪ್ಲಾಸ್ಟಿಕ್ಕಿನಲ್ಲಿ ಅಥವಾ ಪ್ರೈಮರಿನ ಹಿಡಿತದಲ್ಲಿದ್ದರೆ ತೆಗೆಯಿರಿ. ಮೂರು ನಾಲ್ಕು ಸಲ ತಿದ್ದಿ ದಪ್ಪವಾದ ಬಾಡಿಯಲ್ಲಿ ಬಾಗಿಲಿನ ಗೆರೆಗಳೇ ತುಂಬಿಹೋಗಿರುತ್ತವೆ, ಆ ಕಾರು ಎಷ್ಟು ಹೊಳೆದರೂ ಆಟಿಕೆಯಂತೆ ಕಾಣುತ್ತದೆ.

ಅಕ್ರಿಲಿಕ್ ಬಣ್ಣ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದರೆ ಸಡಿಲವಾಗುತ್ತದೆ. ಎನಾಮಲಿಗೂ ಹಲವು ಲ್ಯಾಕರಿಗೂ ಗ್ಯಾರೇಜಿನವರು ಬ್ರೇಕ್ ಆಯಿಲ್ ಎನ್ನುವ ಡಾಟ್ 3 ಅಥವಾ ಡಾಟ್ 4 ದ್ರವ ಚೆನ್ನಾಗಿ ಕೆಲಸ ಮಾಡುತ್ತದೆ, ಪಾಲಿಸ್ಟೈರೀನಿಗೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಹಾರ್ಡ್ನರ್ ಹಾಕಿದ ಪಿಯು ಕೋಟ್ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಮೊದಲು ಬಾಡಿಯ ಒಳಬದಿಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಗಾಜಿನ ಭಾಗಗಳನ್ನೂ ಕ್ರೋಮ್ ಭಾಗಗಳನ್ನೂ ತೆಗೆದಿಟ್ಟು, ಮುಚ್ಚಳವಿರುವ ಡಬ್ಬಿಯಲ್ಲಿ ಬಾಡಿ ಮುಳುಗಿಸಿ, ಆಗಾಗ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಕೈಗವಸು, ಕನ್ನಡಕ ಬೇಕೇ ಬೇಕು. ಡಬ್ಬಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಲಸ ಮುಗಿದ ದ್ರವವನ್ನು ಬಚ್ಚಲಿಗೆ ಚೆಲ್ಲದೆ ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಬಾಡಿಯನ್ನು ಸೋಪಿನಲ್ಲಿ ಎರಡು ಸಲ ತೊಳೆದು, ಆರ್‌ಓ ನೀರಿನಲ್ಲಿ ಜಾಲಾಡಿ, ನೆರಳಲ್ಲಿ ಒಂದು ದಿನ ಪೂರ್ತಿ ಒಣಗಲು ಬಿಡಿ. ಬಾಗಿಲಿನ ಗೆರೆ, ವೈಪರಿನ ಬುಡದಲ್ಲಿ ಹಳೆಯ ಬಣ್ಣ ಉಳಿದಿದ್ದರೆ ಹಲ್ಲುಕಡ್ಡಿಯಿಂದ ಬಿಡಿಸಿ, ಆಮೇಲೆ ಪ್ರೈಮರ್ ಹೊಡೆಯಿರಿ.